ಲಿಡ್ ಮುಚ್ಚಿದರೂ ಲ್ಯಾಪ್‌ಟಾಪ್ ಮಲಗಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಉಬುಂಟು 24.04 ಲಿನಕ್ಸ್. ರಾತ್ರಿ 90% ಇದ್ದ ಬ್ಯಾಟರಿ ಬೆಳಿಗ್ಗೆ 15%. ಬ್ಯಾಗಿನೊಳಗೆ ಇಡ್ಲಿ ಬೇಯಿಸಬಹುದು, ಅಷ್ಟು ಬಿಸಿ. ಬಯೋಸ್ (ಆನ್ ಮಾಡಿದಾಗ ಮೊದಲು ಓಡೋ, ಮದರ್‌ಬೋರ್ಡ್ ಚಿಪ್ಪಿನಲ್ಲಿರೋ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಲಾ?

ಹಳೇ ಡಬ್ಬ: ಬಯೋಸ್ ಅಂದರೆ ನನಗೆ ಈಗಲೂ ಕೈ ನಡುಗುತ್ತದೆ. ಹೋದ ವರ್ಷ ಅಪ್‌ಡೇಟ್ ನಡುವೆ ಕರೆಂಟ್ ಹೋಯ್ತು, ಹಳೇ ಬ್ಯಾಟರಿ ತಡೆಯಲಿಲ್ಲ. ಆಮೇಲೆ ಪವರ್ ಲೈಟ್ ಬಿಟ್ಟರೆ ಏನೂ ಇಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರು ಎಸ್‌ಪಿ ರೋಡಿಗೆ ಮೂರು ಸಲ ಹೋದೆ. ಮೊದಲ ಅಂಗಡಿಯವನು ಮದರ್‌ಬೋರ್ಡೇ ಹೋಗಿದೆ, 14,000 ಅಂದ. ಇನ್ನೊಬ್ಬರು ಬಯೋಸ್ ಚಿಪ್ಪಿಗೆ ಕ್ಲಿಪ್ ಹಾಕಿ, ಸಿಎಚ್341ಎ ಅನ್ನೋ ಚಿಪ್ ಬರೆಯೋ ಸಾಧನದಿಂದ ಬಯೋಸನ್ನು ಮತ್ತೆ ಬರೆದುಕೊಟ್ಟರು. ಚಿಪ್ 1.8 ವೋಲ್ಟಿಂದು, ಅಡಾಪ್ಟರ್ ಬರಬೇಕು ಅಂತ ಒಂದು ವಾರ ಕಾಯಿಸಿದರು. 2,200 ಅವರಿಗೆ, ಆಟೋಗೆ 640. ಚಿಪ್ಪಿನಲ್ಲಿದ್ದ ಹಳೇದನ್ನು ಬ್ಯಾಕಪ್ ತೆಗೆಯದೇ ಬರೆದಿದ್ದರಿಂದ ಸೀರಿಯಲ್ ನಂಬರೂ ಹೋಯ್ತು.

ಟರ್ಮಿನಲ್ ತಾತ: ಸತ್ತ ಬ್ಯಾಟರಿ ಇಟ್ಟುಕೊಂಡು ಬಯೋಸ್ ಮುಟ್ಟಿದ್ದು ನಿಮ್ಮ ತಪ್ಪು, ಅದಕ್ಕೆ ಹುಡುಗನನ್ನು ಯಾಕೆ ಹೆದರಿಸುತ್ತೀರಿ? ನಾನು ಗ್ರಬ್‌ನಲ್ಲಿ (ಲಿನಕ್ಸನ್ನು ಬೂಟ್ ಮಾಡೋ ಪ್ರೋಗ್ರಾಮ್) ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್ ಹಾಕಿದೆ, ಅಂದರೆ ಗಾಢ ನಿದ್ದೆ. ಎರಡು ವರ್ಷದಿಂದ ರಾತ್ರಿಗೆ 3% ಕೂಡ ಇಳಿದಿಲ್ಲ. ಆದರೆ ಸಿಸ್‌ನ ಪವರ್ ಫೋಲ್ಡರಿನಲ್ಲಿ ಮೆಮ್_ಸ್ಲೀಪ್ ಫೈಲ್ ನೋಡಿ. ಅಲ್ಲಿ ಬರೀ ಎಸ್2ಐಡಲ್ (ಅರೆನಿದ್ದೆ) ಇದ್ದರೆ ಡೀಪ್ ಹಾಕಿದರೂ ದಂಡ.

ವೈಫೈ ಸಂತ್ರಸ್ತ: ಡೀಪ್ ಹಾಕಿ ನನ್ನದು ಎದ್ದೇಳಲೇ ಇಲ್ಲ. ಕಪ್ಪು ಸ್ಕ್ರೀನ್, ಫ್ಯಾನ್ ಮಾತ್ರ ಗಿರಗಿರ. ತಾತ, ನಿಮ್ಮ ಹಳೇ ಲ್ಯಾಪ್‌ಟಾಪ್ ಮಾತು ಎಲ್ಲರಿಗೂ ಹೊಂದಲ್ಲ. ನನಗೆ ತೊಂದರೆ ಕೊಟ್ಟಿದ್ದು ವೈಫೈ ಕಾರ್ಡ್, ಅದರ ಡ್ರೈವರ್ ನಿದ್ದೆ ಕೆಡಿಸುತ್ತಿತ್ತು. ಹೊಸದು ಅಂತ ಎಎಕ್ಸ್211 ತರಿಸಿದೆ, 1,600 ನೀರಿಗೆ. ಅದು ಸಿಎನ್‌ವಿಐ, ಅಂದರೆ ಇಂಟೆಲ್ ಬೋರ್ಡಿಗೆ ಮಾತ್ರ; ನನ್ನದು ಎಎಮ್‌ಡಿ ಬೋರ್ಡ್. ಎಎಕ್ಸ್210 ಹಾಕಿದ ಮೇಲೆಯೇ ನೆಮ್ಮದಿ.

ಟರ್ಮಿನಲ್ ತಾತ: ಓದದೆ ಕಾರ್ಡ್ ತರಿಸಿದವರು ನನಗೆ ಬುದ್ಧಿ ಹೇಳ್ತಿದ್ದಾರೆ.

ವೈಫೈ ಸಂತ್ರಸ್ತ: ದುಡ್ಡು ನನ್ನದು ಸ್ವಾಮಿ, ನಿಮಗೇನು?

ಆರ್ಚ್ ಅಣ್ಣ: ಉಬುಂಟು ತೆಗೆದು ಆರ್ಚ್ ಲಿನಕ್ಸ್ ಹಾಕಿ, ಹೊಸ ಕರ್ನಲ್ (ಲಿನಕ್ಸಿನ ತಿರುಳು) ಸಿಗುತ್ತೆ. ನಾನು 6 ತಿಂಗಳು ಒದ್ದಾಡಿ ಕೊನೆಗೆ ಅದೇ ಮಾಡಿದ್ದು.

ಹಳೇ ಡಬ್ಬ: ಬಂದ್ರಪ್ಪ! ತಲೆನೋವು ಅಂದರೂ ಆರ್ಚ್ ಹಾಕಿ ಅಂತಾರೆ.

ಆರ್ಚ್ ಅಣ್ಣ: ನಗಿ ನಗಿ. ನಾನು ಕ್ಲಿಪ್ ಹಾಕಿಸಿಕೊಂಡು ಬಂದವನಲ್ಲ.

ಪ್ರಶ್ನೆ ಕೇಳಿದವನು: ಫೈಲ್ ನೋಡಿದೆ. ಬರೀ ಎಸ್2ಐಡಲ್ ಇದೆ. ಈಗ?

ಹೊಸಬ: ಹಳೇ ಡಬ್ಬ ಅವರೇ, ಕ್ಲಿಪ್ ಹಾಕಿದ ಆ ಅಂಗಡಿ ಎಸ್‌ಪಿ ರೋಡಿನಲ್ಲಿ ಎಲ್ಲಿ ಬರುತ್ತೆ? ನನ್ನದೂ ನಿನ್ನೆಯಿಂದ ಬರೀ ಲೈಟ್.