ಈ ವಾರದ ಸಮಸ್ಯೆ: ಕಾವಲಿಗೆ ಬಂದವನ ಕಾಯುವವರಾರು

ನಿರ್ವಾಹಕ: ಕೊನೆಯ ಪಾದ ಕೊಟ್ಟಿದ್ದೇನೆ, ಮೊದಲ ಮೂರು ಪಾದ ನೀವು ಬರೆದು ಪದ್ಯ ಪೂರ್ತಿ ಮಾಡಿ. ವಸ್ತು ಕಡಲ ಭದ್ರತೆ, ದೇಶದೇಶಗಳ ರಕ್ಷಣಾ ಒಪ್ಪಂದ. ಹೋದ ವಾರದ ಜಗಳ ಇಲ್ಲಿಗೆ ತರಬೇಡಿ.

ಹಳೆಹುಲಿ:
ನಾವೆಗಳು ಸಾಲಾಗಿ ಮಲಕ್ಕಾ ದಾಟುತಿರೆ
ಯಾವನೋ ಯಾರಿಗೋ ಮಾತು ಕೊಟ್ಟಿಹನು
ಕೋವಿಗಳ ನೆರಳಿನಲಿ ಮೀನ ಬಲೆ ಬೀಸಿದೆವು
ಕಾವಲಿಗೆ ಬಂದವನ ಕಾಯುವವರಾರು

ಗಣಗಾರ: ಹುಲಿಯವರೇ, ಮೊದಲ ಪಾದ ನೋಡಿ. 'ಮಲಕ್ಕಾ' ಲಗಾದಿ, ಲಘುವಿನ ಹಿಂದೆಯೇ ಗುರು ಬಂದು ಗಣದ ಮೊದಲಲ್ಲೇ ಲಯ ಕೆಡುತ್ತದೆ. ಸಾಲಾಗಿ ಹೊರಟ ನಾವೆ ಅಲ್ಲೇ ಮರಳಿಗೆ ಸಿಕ್ಕಿತು.

ಹಳೆಹುಲಿ: ಆ ಜಲಸಂಧಿಯ ಹೆಸರೇ ಹಾಗಿದೆ. ತಿದ್ದೋಕೆ ನಾನ್ಯಾರು?

ಗಣಗಾರ: 'ಕಿರುಗಂಡಿ' ಹಾಕಿ. ಸಲೀಸಾಗಿ ಹೋಗುತ್ತದೆ.

ಹಳೆಹುಲಿ: ಕಿರುಗಂಡಿ ಅಂದರೆ ಹಾರ್ಮುಜ್ ಕೂಡ ಆಗಬಹುದು. ನನಗೆ ಮಲಕ್ಕಾನೇ ಬೇಕು. ಸಿಂಗಪುರದ ಹತ್ತಿರ ಆ ದಾರಿ ಮೂರು ಕಿಲೋಮೀಟರ್ ಅಗಲವೂ ಇಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಗಣ ತುಸು ಮುಗ್ಗರಿಸಿದರೆ ತಪ್ಪೇ?

ಗಣಗಾರ: ನನ್ನ ಪದ್ಯದಲ್ಲಿ ಇದೇ ದೋಷ ಹಿಡಿದು ಒಂದಿಡೀ ದಿನ ಬರೆದವರು ನೀವೇ ಅಲ್ವಾ?

ಅಲೆಮಾರಿ:
ನಾವಿಬ್ಬರೊಂದೆಂದು ಗೆಳೆಯನನು ಕೈಬಿಟ್ಟು
ಮೂವರೇ ಕೂಡಿ ಹೊಸ ಕೂಟ ಕಟ್ಟಿದರು
ಆವ ನೀರಡಿಯಲ್ಲಿ ಪರಮಾಣು ನೌಕೆಗಳೊ
ಕಾವಲಿಗೆ ಬಂದವನ ಕಾಯುವವರಾರು

ಸಂಪಿಗೆ: ಚೆನ್ನಾಗಿದೆ. 2021ರ ಆಕಸ್, ಅಂದರೆ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳ ರಕ್ಷಣಾ ಕೂಟ. ಕೈಬಿಟ್ಟ ಗೆಳೆಯ ಫ್ರಾನ್ಸ್.
ಹುಲಿಯವರೇ, ನನ್ನ ತಕರಾರು ಬೇರೆ. 'ಮಾತು ಕೊಟ್ಟಿಹನು' ಅಂತೀರಿ. 1971ರ ಐದು ದೇಶಗಳ ಒಪ್ಪಂದ ನೋಡಿ. ಮಲೇಷ್ಯಾ, ಸಿಂಗಪುರದ ಮೇಲೆ ದಾಳಿಯಾದರೆ ಎಲ್ಲರೂ ಕೂತು ಸಮಾಲೋಚಿಸಬೇಕು, ಅಷ್ಟೇ. ಬಂದು ಕಾದಾಡಲೇಬೇಕು ಅಂತ ಇಲ್ಲ.

ಹಳೆಹುಲಿ: ಮಾತಾಡುತ್ತೇವೆ ಎಂದು ಕೊಟ್ಟದ್ದೂ ಮಾತೇ ತಾನೆ.

ಸಂಪಿಗೆ: ಇದು ಪದ್ಯಕ್ಕಿಂತ ಚೆನ್ನಾಗಿದೆ!

ಅಲೆಮಾರಿ: ಮಲಕ್ಕಾ ಬಂದಿದ್ದಕ್ಕೆ ಹೇಳಿದೆ. ಅಲ್ಲಿ ಕಡಲ್ಗಳ್ಳರ ಕಾಟ ಜಾಸ್ತಿ ಇತ್ತು. 2004ರಲ್ಲಿ ಅಮೆರಿಕ ತಾನೂ ಕಾವಲಿಗೆ ಬರುವ ಮಾತೆತ್ತಿತು. ಇಂಡೋನೇಷ್ಯಾ, ಮಲೇಷ್ಯಾ ಬೇಡವೇ ಬೇಡ ಎಂದವು. ಅದೇ ವರ್ಷ ಸಿಂಗಪುರವನ್ನೂ ಸೇರಿಸಿಕೊಂಡು ತಾವೇ ಗಸ್ತು ಶುರು ಮಾಡಿದವು. ಥಾಯ್ಲೆಂಡ್ 2008ರಲ್ಲಿ ಸೇರಿತು. ನಮ್ಮ ಕೊನೆಯ ಪಾದ ಅವರಿಗೆ ಆಗಲೇ ಹೊಳೆದಿತ್ತು ಅನ್ನಿ.

ಹಳೆಹುಲಿ: ನೋಡಿದಿರಾ, ಮಲಕ್ಕಾ ಇಲ್ಲದೆ ಈ ಕಥೆಯೇ ಇಲ್ಲ.

ಗಣಗಾರ: ಕಥೆ ಇರಲಿ. ಲಗಾದಿಯೂ ಅಲ್ಲೇ ಇದೆ.

ಹಳೆಹುಲಿ: ಸುಮ್ನೆ ಎಣಿಸುತ್ತಾ ಕೂರಬೇಡಿ. ಒಂದು ಪದ್ಯ ಹಾಕಿ, ಆಮೇಲೆ ಮಾತಾಡೋಣ.

ಗಣಗಾರ: ರಾತ್ರಿ ಹಾಕುತ್ತೇನೆ.

ನಿರ್ವಾಹಕ: ಹೋದ ವಾರವೂ ಹೀಗೇ ಅಂದಿದ್ದಿರಿ.