ಸಹಾಯ ಬೇಕು: ಅಲಾಸ್ಕಾ ಹೆದ್ದಾರಿಯಲ್ಲಿ ಎಲ್ಲೆಲ್ಲಿ ತಂಗಬೇಕು?

ಎಲ್ಲರಿಗೂ ನಮಸ್ಕಾರ, ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಬರುವ ಜೂನ್‌ನಲ್ಲಿ ಕೆನಡಾದಲ್ಲಿರುವ ಅಕ್ಕ-ಭಾವ, ಅವರ ಸ್ನೇಹಿತರ ಜೊತೆ ಮೋಟರ್‌ಹೋಮ್‌ಗಳನ್ನು (ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ಗಾಡಿಗಳು) ಬಾಡಿಗೆಗೆ ಹಿಡಿದು ಅಲಾಸ್ಕಾ ಹೆದ್ದಾರಿಯಲ್ಲಿ ಹೋಗುವ ಯೋಚನೆ ಇದೆ. ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,200 ಕಿ.ಮೀ. ಭಾವನಿಗೆ ಒಂದೇ ಸಮನೆ ಗಾಡಿ ಓಡಿಸುವ ಹುಚ್ಚು, ಅಮ್ಮನಿಗೆ ಮಂಡಿನೋವು. ಹಾಗಾಗಿ ನಡುನಡುವೆ ಸುಮ್ನೆ ಕೂರುವ ದಿನಗಳು ಬೇಕೇ ಬೇಕು.

ದಾರಿಯಲ್ಲಿ ಸಿಗುವ ವೈಟ್‌ಹಾರ್ಸ್ ಊರಿನಲ್ಲಿ ನಿಲ್ಲುವುದು ಖಚಿತ. ಬಟ್ಟೆ ಒಗೆಯಬೇಕು, ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡಬೇಕು, ಯೂಕಾನ್ ನದಿ ದಡದಲ್ಲಿರುವ ಹಳೇ ಕ್ಲೋಂಡೈಕ್ ಹಡಗು ನೋಡಬೇಕು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹನ್ನೊಂದೂವರೆ ಹೊತ್ತಿಗೆ. ನಮ್ಮಲ್ಲಿ ಆ ಮಳೆಗೆ ಮಧ್ಯಾಹ್ನವೇ ಲೈಟ್ ಹಾಕಬೇಕು, ಅಲ್ವಾ! ಮಕ್ಕಳನ್ನು ಮಲಗಿಸಿದ್ದು ಹೇಗೆ? ಬಾಡಿಗೆ ಗಾಡಿಯ ಪರದೆ ಸಾಕಾಗುತ್ತಾ?

ಲಿಯಾರ್ಡ್ ಬಿಸಿನೀರಿನ ಬುಗ್ಗೆಗೆ ಕಾಡಿನ ನಡುವೆ ಮರದ ಹಲಗೆಯ ದಾರಿ ಇದೆ. ಮಂಡಿನೋವಿನವರು ಅಷ್ಟು ನಡೆಯಬಹುದಾ? ಒಂದು ದಿನ ಪೂರ್ತಿ ಅಲ್ಲೇ ಕಳೆಯಲು ಅಮ್ಮನಿಗೆ ಆಸೆ.

ಇನ್ನೊಂದು, ನಗಬೇಡಿ. ಅಕ್ಕನಿಗೆ ಕಾಚಂಪುಳಿ (ನಮ್ಮ ಕೊಡಗಿನ ಹುಳಿ) ಹಾಕಿ ಪಂದಿಕರಿ (ಹಂದಿಮಾಂಸದ ಸಾರು) ಮಾಡುವ ಹಟ. ಕರಡಿ ಓಡಾಡುವ ಜಾಗದಲ್ಲಿ ಹೊರಗಡೆ ಒಲೆ ಹಚ್ಚುವುದು ಬೇಡ ಎಂದು ನಾನು. ಅಲ್ಲಿ ಹೋಗಿಬಂದವರು ಅಡುಗೆ ಎಲ್ಲಿ ಮಾಡಿದಿರಿ, ಎಂಜಲು ಎಲ್ಲಿ ಹಾಕಿದಿರಿ?

ವಾಟ್ಸನ್ ಲೇಕ್‌ನಲ್ಲಿ ಪ್ರವಾಸಿಗರು ತಮ್ಮೂರಿನ ಬೋರ್ಡ್ ಹೊಡೆದು ಹೋಗುವ ‘ಊರ ಫಲಕಗಳ ಕಾಡಿ’ನಲ್ಲಿ ‘ಮಡಿಕೇರಿ’ ಬೋರ್ಡ್ ಹೊಡೆಯುವ ಆಸೆಯೂ ಇದೆ. ತಗಡಿನದು ಒಯ್ಯುವುದಾ, ಮರದ್ದಾ? ಮೊಳೆ, ಸುತ್ತಿಗೆ ನಾವೇ ತರಬೇಕಾ?