ಪದಚರ್ಚೆ: ಟ್ರೈಲರಿನ ಒಳಗಿನ ಮಾತುಗಳು – ‘ಕೇಳಿ’, ‘ತೆರೆ ಒಡ್ಡೋಲಗ’ ಸಿನಿಮಾಕ್ಕೆ ಒಗ್ಗೀತೇ?

ಗೆಳೆಯರೇ,

ಟ್ರೈಲರ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಕೇಳಲು ಬಂದಿಲ್ಲ, ಹೆದರಬೇಡಿ. ಟ್ರೈಲರ್ ಇರಲಿ ಬಿಡಿ, ಅದು ನಮ್ಮದೇ ಆಗಿಹೋಗಿದೆ. ನನಗೆ ಬೇಕಿರುವುದು ಟ್ರೈಲರಿನ ಒಳಗೆ ನಡೆಯುವ ಕೆಲಸಗಳ ಹೆಸರು. ಕ್ಯಾಮೆರಾ ಹೀರೋನ ಮುಖ ಬಿಟ್ಟು ಬರೀ ಬೂಟು ತೋರಿಸುತ್ತದಲ್ಲ, ಅದಕ್ಕೇನು ಹೇಳೋಣ? ಟೈಟಲ್ ಬೀಳುವ ಮುಂಚೆ ಸದ್ದೆಲ್ಲ ಗಪ್ಪಂತ ನಿಲ್ಲುತ್ತದಲ್ಲ, ಅದಕ್ಕೆ? ಆಮೇಲೆ ಎದೆಗೆ ಗುದ್ದಿದ ಹಾಗೆ ಒಂದು ಸದ್ದು ಬರುತ್ತದಲ್ಲ, ಅದಕ್ಕೆ?

ಕಾಲೇಜು ಹುಡುಗರ ಸಿನಿಮಾ ಕೂಟವೊಂದಕ್ಕೆ ಟಿಪ್ಪಣಿ ಬರೆದುಕೊಡುತ್ತಿದ್ದೇನೆ. ಟ್ರೈಲರುಗಳು ಜನರನ್ನು ಹೇಗೆ ಸೆಳೆಯುತ್ತವೆ ಎನ್ನುವುದು ವಿಷಯ. ಬರೆದದ್ದನ್ನು ಓದಿದರೆ ‘ಲೋ ಆಂಗಲ್’, ‘ರೈಸರ್’, ‘ಕಟ್ ಟು ಬ್ಲಾಕ್’, ‘ಕಲರ್ ಟೋನ್’ ಇವೇ ಎಲ್ಲ ಕಡೆ ಕೂತಿವೆ. ಕನ್ನಡಕ್ಕೆ ಉಳಿದಿರುವುದು ‘ಇದೆ’, ‘ಮತ್ತು’, ‘ಆಗುತ್ತದೆ’ ಅಷ್ಟೇ. ಎಡಿಟಿಂಗ್ ಕೋಣೆಯಲ್ಲಿ ಕೂತವರು ಹಾಗೇ ಮಾತಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಇವುಗಳಲ್ಲಿ ಒಂದೆರಡಕ್ಕೆ ನಮ್ಮ ಯಕ್ಷಗಾನದಲ್ಲಿ ಇನ್ನೂ ಚೆನ್ನಾದ ಮಾತು ಮೊದಲೇ ಇದೆ ಅನ್ನೋ ಅನುಮಾನ ನನಗೆ.

ಮೊದಲು ಟ್ರೈಲರಿಗೇ ಚಾಲ್ತಿಯಲ್ಲಿರುವ ಪದಗಳನ್ನು ನೋಡಿ. ಪತ್ರಿಕೆಯವರು ‘ತುಣುಕು’ ಅಂತ ಬರೆಯುತ್ತಾರೆ, ಕೆಲವರು ‘ಝಲಕ್’, ಇನ್ನು ಕೆಲವರು ‘ಮುನ್ನೋಟ’. ಮುನ್ನೋಟ ಅಂದರೆ ನನಗೆ ಸರ್ಕಾರದ ಯೋಜನಾ ವರದಿಯೇ ನೆನಪಾಗುತ್ತದೆ. ತುಣುಕು ಪರವಾಗಿಲ್ಲ, ಚಿಕ್ಕ ಪದ, ಬಾಯಿಗೆ ಹಿತ. ಆದರೆ ತುಣುಕು ಅಂದರೆ ದೊಡ್ಡದರಿಂದ ಮುರಿದುಕೊಂಡದ್ದು. ಟ್ರೈಲರ್ ಯಾವಾಗಲೂ ಹಾಗಿರುತ್ತದಾ? 1960ರ ‘ಸೈಕೋ’ ಚಿತ್ರದ ಟ್ರೈಲರ್ ತಗೊಳ್ಳಿ. ಆರು ನಿಮಿಷಕ್ಕೂ ಜಾಸ್ತಿ ಇದೆ, ಸಿನಿಮಾದ ಒಂದು ದೃಶ್ಯವೂ ಇಲ್ಲ. ನಿರ್ದೇಶಕ ಹಿಚ್‌ಕಾಕ್ ತಾನೇ ಸೆಟ್ಟಿನಲ್ಲಿ ಓಡಾಡುತ್ತ, ಮನೆ ಬಾಡಿಗೆಗೆ ತೋರಿಸುವವನ ಹಾಗೆ ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಎನ್ನುತ್ತಾನೆ. ಏನಾಯಿತು ಅಂತ ಮಾತ್ರ ಬಾಯಿ ಬಿಡುವುದಿಲ್ಲ. ಕೊನೆಗೆ ಬಚ್ಚಲಿನ ಪರದೆ ಸರ್ರನೆ ಎಳೆದಾಗ ಕಿರುಚುವ ಹೆಂಗಸು ಕೂಡ ಸಿನಿಮಾದಲ್ಲಿ ಅಲ್ಲಿ ನಿಂತಿದ್ದ ನಟಿ ಅಲ್ಲ. ವಿಗ್ಗು ಹಾಕಿಕೊಂಡ ಇನ್ನೊಬ್ಬ ನಟಿ ವೆರಾ ಮೈಲ್ಸ್. ಇದನ್ನು ತುಣುಕು ಅನ್ನೋದು ಹೇಗೆ?

ಇನ್ನೊಂದು, 1980ರ ‘ದಿ ಶೈನಿಂಗ್’ ಚಿತ್ರದ್ದು. ಕ್ಯಾಮೆರಾ ಲಿಫ್ಟಿನ ಎರಡು ಬಾಗಿಲುಗಳ ಎದುರು ಅಲ್ಲಾಡದೆ ನಿಂತಿದೆ. ಹೆಸರುಗಳು ಮೇಲೇರುತ್ತ ಹೋಗುತ್ತವೆ. ಸಂಗೀತ ನಿಧಾನಕ್ಕೆ ಹಿಂಡಲು ಶುರು ಮಾಡುತ್ತದೆ. ಆಮೇಲೆ ಬಾಗಿಲ ಸಂದಿಯಿಂದ ರಕ್ತ ಹೊಳೆಯಾಗಿ ನುಗ್ಗಿ, ಕುರ್ಚಿಗಳನ್ನು ತೇಲಿಸಿಕೊಂಡು ಬಂದು ಕ್ಯಾಮೆರಾದ ಕಣ್ಣನ್ನೇ ಮುಚ್ಚುತ್ತದೆ. ಇಡೀ ಟ್ರೈಲರ್ ಅದೊಂದೇ ಶಾಟ್, ಎಲ್ಲೂ ಕಟ್ ಇಲ್ಲ. ಕತೆ ಏನು, ಯಾರ ಕತೆ, ಒಂದೂ ಗೊತ್ತಾಗುವುದಿಲ್ಲ. ಇವೆರಡೂ ಮಾಡುವ ಕೆಲಸ ಒಂದೇ: ತೋರಿಸಿದ ಹಾಗೆ ಮಾಡಿ ಬಚ್ಚಿಡುವುದು.

ಅಂದ ಹಾಗೆ ಟ್ರೈಲರ್ ಪದದ ಹುಟ್ಟು ನಮ್ಮ ಹಳ್ಳಿಯವರಿಗೆ ಬೇಗ ಅರ್ಥವಾಗುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೊತ್ತುಕೊಂಡು ಬರುವುದೂ ಟ್ರೈಲರೇ ಅಲ್ವಾ. ಸಿನಿಮಾದ್ದೂ ಮೊದಲು ಹಿಂದೆಯೇ ಬರುತ್ತಿತ್ತು. 1913ರಲ್ಲಿ ನ್ಯೂಯಾರ್ಕಿನ ಮಾರ್ಕಸ್ ಲೋ ಅವರ ಚಿತ್ರಮಂದಿರಗಳ ಪ್ರಚಾರ ನೋಡಿಕೊಳ್ಳುತ್ತಿದ್ದ ನಿಲ್ಸ್ ಗ್ರಾನ್‌ಲುಂಡ್ ಒಂದು ರಂಗನಾಟಕದ ಜಾಹೀರಾತಿಗೆ ಪುಟ್ಟ ಚಿತ್ರ ಮಾಡಿ ತೋರಿಸಿದರು. ಶುರುವಾದದ್ದು ಅಲ್ಲಿಂದ ಅನ್ನುತ್ತಾರೆ. ಆ ಕಾಲದಲ್ಲಿ ಇಂಥವನ್ನು ಸಿನಿಮಾ ಮುಗಿದ ಮೇಲೆ ಹಾಕುತ್ತಿದ್ದರು. ಸಿನಿಮಾ ಮುಗಿದ ಮೇಲೆ ಯಾರು ಕೂರುತ್ತಾರೆ? ಅದಕ್ಕೇ ಮುಂದಕ್ಕೆ ತಂದರು. ಹೆಸರು ಮಾತ್ರ ಹಿಂದಿನದೇ ಉಳಿಯಿತು. ಕನ್ನಡದಲ್ಲಿ ಅದಕ್ಕೆ ಈಗ ಬೆದರಿಕೆಯ ಅರ್ಥವೂ ಬಂದಿದೆ: ‘ಇದು ಬರೀ ಟ್ರೈಲರ್, ಪಿಕ್ಚರ್ ಇನ್ನೂ ಬಾಕಿ ಇದೆ’. ರಾಜಕಾರಣಿಗಳಿಗೆ ಈ ಮಾತಿಲ್ಲದೆ ಭಾಷಣವೇ ಮುಗಿಯುವುದಿಲ್ಲ. ನಿಘಂಟಿನವರು ಈ ಅರ್ಥವನ್ನೂ ಸೇರಿಸಿಕೊಳ್ಳಲಿ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. 2021ರ ಜನವರಿಯಲ್ಲಿ ಬಂದ ‘ಕೆಜಿಎಫ್ ಚಾಪ್ಟರ್ 2’ ಟೀಸರ್ ನಿಮಗೆಲ್ಲ ನೆನಪಿರಬಹುದು. ಎರಡು ನಿಮಿಷದ ಮೇಲೆ ಸ್ವಲ್ಪ. ಅದರಲ್ಲಿ ಖಳನಾಯಕನನ್ನು ಹಿಂದಿನಿಂದ ತೋರಿಸುತ್ತಾರೆ, ಬೆನ್ನು, ಜಡೆ, ಕೈಯಲ್ಲಿರುವ ಆಯುಧ ಅಷ್ಟೇ. ನಾಯಕ ತಡವಾಗಿ ಬರುತ್ತಾನೆ, ಬಾಯಿ ಬಿಡುವುದಿಲ್ಲ. ಬಂದೂಕಿನ ಆರ್ಭಟ, ಜೀಪುಗಳು ಗಾಳಿಗೆ ಹಾರುವುದು. ಆಮೇಲೆ ಸದ್ದು ಇಳಿದುಹೋಗುತ್ತದೆ. ಗುಂಡು ಹಾರಿಸಿ ಕೆಂಪಗೆ ಕಾದ ನಳಿಗೆ ಹತ್ತಿರದಿಂದ ಕಾಣುತ್ತದೆ. ಆ ಕೆಂಡಕ್ಕೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಗದ್ದಲದಷ್ಟೇ ಕೆಲಸ ಆ ನಿಶ್ಶಬ್ದವೂ ಮಾಡುತ್ತದೆ. ಸಿಗರೇಟು ಹಚ್ಚಿಕೊಳ್ಳಲು ಬಂದೂಕು ಬೇಕಾ ಅಂತ ಕೇಳಬಹುದು. ಕೇಳುವ ಹೊತ್ತಿಗೆ ನೀವು ಅದನ್ನು ಎರಡು ಸಲ ನೋಡಿಯಾಗಿರುತ್ತದೆ.

ಹುಡುಗರು ಇದನ್ನು ‘ಎಲಿವೇಷನ್’ ಅನ್ನುತ್ತಾರೆ. ತೆಲುಗು ಅಭಿಮಾನಿಗಳ ಬಾಯಿಂದ ನಮ್ಮಲ್ಲಿಗೆ ಬಂದ ಬಳಕೆ ಇರಬೇಕು. ಅದಕ್ಕಿಂತ ಹಳೆಯದು ‘ಬಿಲ್ಡಪ್’. ಅದರಲ್ಲಿ ಸ್ವಲ್ಪ ವ್ಯಂಗ್ಯವಿದೆ, ‘ಸುಮ್ನೆ ಬಿಲ್ಡಪ್ ಕೊಡಬೇಡ’ ಅನ್ನುತ್ತೇವೆ. ‘ಖದರ್’, ‘ಗತ್ತು’ ಇವೆ, ಆದರೆ ಅವು ನಾಯಕನಿಗೆ ಸೇರಿದ ಗುಣ. ತೋರಿಸುವ ರೀತಿಯ ಹೆಸರು ಅಲ್ಲ.

ಈ ರೀತಿಗೆ ಯಕ್ಷಗಾನದಲ್ಲಿ ಹೆಸರಿದೆ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವ ಕ್ರಮ ನೋಡಿದವರಿಗೆ ಗೊತ್ತು. ಇಬ್ಬರು ಒಂದು ತೆರೆ ಹಿಡಿದು ನಿಲ್ಲುತ್ತಾರೆ. ವೇಷ ಅದರ ಹಿಂದೆ. ಚೆಂಡೆ ಏರುತ್ತದೆ. ತೆರೆಯ ಮೇಲಿಂದ ಮೊದಲು ಕಿರೀಟದ ತುದಿ. ಒಂದು ಅಬ್ಬರ ಕೇಳುತ್ತದೆ, ಮುಖವಿಲ್ಲ. ತೆರೆ ಸ್ವಲ್ಪ ತಗ್ಗಿದರೆ ಚಿಟ್ಟಿ (ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳು) ಇಟ್ಟ ಮುಖ ಒಂದು ಗಳಿಗೆ ಕಂಡು ಮತ್ತೆ ಮಾಯ. ದೊಂದಿಗೆ ರಾಳದ ಹುಡಿ ಎರಚಿದಾಗ ಬೆಂಕಿ ಭುಗಿಲೆಂದು ಎದ್ದು, ಆ ಬೆಳಕಿನಲ್ಲಿ ಅರ್ಧ ಮಾತ್ರ ಕಾಣುತ್ತದೆ. ಜನ ಕತ್ತು ಉದ್ದ ಮಾಡಿ ಕೂತಿರುತ್ತಾರೆ. ಪೂರ್ತಿ ವೇಷ ಎದುರಿಗೆ ಬರುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗಿನೊಳಗೆ. ಇದನ್ನು ತೆರೆ ಒಡ್ಡೋಲಗ ಅನ್ನುತ್ತಾರೆ. ಟೀಸರ್ ಕತ್ತರಿಸುವವರು ಮಾಡುವುದೂ ಇದನ್ನೇ. ತೆರೆಯ ಜಾಗದಲ್ಲಿ ಕಪ್ಪು ಫ್ರೇಮು, ಚೆಂಡೆಯ ಜಾಗದಲ್ಲಿ ಬಿಜಿಎಂ (ಹಿನ್ನೆಲೆ ಸಂಗೀತ), ರಾಳದ ಜಾಗದಲ್ಲಿ ಸ್ಫೋಟ. ಕೆಜಿಎಫ್‌ಗೆ ಸಂಗೀತ ಕೊಟ್ಟ ರವಿ ಬಸ್ರೂರು ಕುಂದಾಪುರ ಸೀಮೆಯವರು ಅನ್ನೋದನ್ನು ಹಿಡಿದುಕೊಂಡು ನಾನು ದೊಡ್ಡ ಸಿದ್ಧಾಂತ ಕಟ್ಟಲು ಹೋಗುವುದಿಲ್ಲ. ಆದರೂ ಹೇಳದೆ ಇರಲು ಮನಸ್ಸು ಬರಲಿಲ್ಲ.

ಪ್ರಶ್ನೆ ಏನೆಂದರೆ, ‘ಟೀಸರಿನಲ್ಲಿ ನಾಯಕನ ತೆರೆ ಒಡ್ಡೋಲಗ ಚೆನ್ನಾಗಿದೆ’ ಅಂತ ಬರೆದರೆ ಮೈಸೂರು, ಮಂಡ್ಯ, ಬಳ್ಳಾರಿಯ ಓದುಗರಿಗೆ ಮುಟ್ಟುತ್ತದಾ? ಒಡ್ಡೋಲಗ ಅಂದರೆ ಅವರಿಗೆ ರಾಜನ ಸಭೆ. ಹಳಗನ್ನಡ ಓದಿದವರಿಗೂ ಅದೇ. ಯಕ್ಷಗಾನದಲ್ಲಿ ಅದು ಪಾತ್ರ ಮೊದಲ ಸಲ ರಂಗಕ್ಕೆ ಬರುವ ಕ್ರಮ. ಈ ಅರ್ಥ ಕರಾವಳಿ, ಮಲೆನಾಡು ದಾಟಿ ಹೋಗಿದೆಯಾ? ಬರೀ ‘ತೆರೆಯಾಟ’ ಅಂದರೆ ಸಾಕಾದೀತಾ? ಅದರಲ್ಲಿ ತೆರೆಯೂ ಇದೆ, ಬೆಳ್ಳಿತೆರೆಯ ನೆರಳೂ ಇದೆ. ಆದರೆ ನಾನು ಹೊಸೆದ ಪದ ಅಂದಕೂಡಲೇ ನನಗೇ ಅದರ ಮೇಲೆ ನಂಬಿಕೆ ಕಮ್ಮಿ.

ಇಲ್ಲೊಂದು ತಮಾಷೆಯೂ ಇದೆ. ಹೀರೋನನ್ನು ಮೊದಲು ಹಿಂದಿನಿಂದ ತೋರಿಸುವುದು ಎಲ್ಲ ಭಾಷೆಯ ಮಾಸ್ ಟೀಸರುಗಳ ರೂಢಿ. ಅದನ್ನು ಕನ್ನಡದಲ್ಲಿ ಬರೆಯಲು ಹೋದರೆ ‘ನಾಯಕ ಬೆನ್ನು ತೋರಿಸುತ್ತಾನೆ’ ಅಂತಾಗುತ್ತದೆ! ಅಭಿಮಾನಿ ಸಂಘದವರು ಮನೆ ಹುಡುಕಿಕೊಂಡು ಬರುತ್ತಾರೆ. ಸದ್ಯಕ್ಕೆ ‘ಹಿಂಬದಿಯಿಂದ ಕಾಣುತ್ತಾನೆ’ ಅಂತ ಬರೆದು ಜೀವ ಉಳಿಸಿಕೊಂಡಿದ್ದೇನೆ. ಇದಕ್ಕಿಂತ ಚುರುಕಾದದ್ದು ಇದ್ದರೆ ಹೇಳಿ.

ಸದ್ದಿನ ವಿಷಯದಲ್ಲಿ ನಾವು ಬಡವರೇನಲ್ಲ. 2010ರ ‘ಇನ್ಸೆಪ್ಶನ್’ ಟ್ರೈಲರುಗಳಿಂದ ಆಚೆಗೆ ಹಾಲಿವುಡ್ಡಿನಲ್ಲಿ ಒಂದು ಸದ್ದು ಪಿಡುಗಿನಂತೆ ಹಬ್ಬಿತು. ಹಿತ್ತಾಳೆ ವಾದ್ಯಗಳನ್ನು ಒಟ್ಟಿಗೆ ಊದಿ, ಕೆಳಗಿನ ಶ್ರುತಿಗೆ ಇಳಿಸಿ, ಹಿಗ್ಗಿಸಿದಂಥ ಸದ್ದು. ಅದಕ್ಕೆ ಅವರು ಇಟ್ಟ ಹೆಸರು ‘ಬ್ರಾಮ್’. ಅಂದರೆ ಕೇಳಿದ ಹಾಗೇ ಹೆಸರಿಟ್ಟರು, ನಮ್ಮ ಅನುಕರಣಾವ್ಯಯದ ದಾರಿಯಲ್ಲೇ. ಹಾಗಿದ್ದ ಮೇಲೆ ನಾವು ‘ಬ್ರಾಮ್’ ಅನ್ನು ಎರವಲು ತರಬೇಕಾ? ಢಂ, ಧಡ್, ಭೋರ್, ಗುಂಯ್ ಎಲ್ಲ ಇವೆ. ಆ ಸದ್ದಿಗೆ ನನ್ನ ಕಿವಿಗೆ ಹತ್ತಿರ ಬರುವುದು ಕೊಂಬು ಕಹಳೆಯ ‘ಭೋಂ’. ಜಾತ್ರೆಯಲ್ಲಿ ತೇರು ಎಳೆಯುವಾಗ ಕಹಳೆಯ ಪಕ್ಕ ನಿಂತವರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ. ಕಿವಿಗಿಂತ ಮೊದಲು ಎದೆಗೂಡಿಗೆ ಕೇಳಿಸುತ್ತದೆ. ಹಾಗೇ ‘ರೈಸರ್’ ಅನ್ನೋದು ಸಣ್ಣಗೆ ಶುರುವಾಗಿ ಏರುತ್ತ ಏರುತ್ತ ಹೋಗಿ ಪಟ್ಟನೆ ಕಡಿಯುವ ಸದ್ದು. ‘ಏರುಸದ್ದು’ ಅಂತ ಬರೆದೆ, ಚಪ್ಪೆ ಅನ್ನಿಸಿತು. ಚೆಂಡೆಯವರು, ಡೊಳ್ಳಿನವರು, ನಗಾರಿಯವರು ಇಂಥ ಏರಿಕೆಗೆ ಏನನ್ನುತ್ತಾರೆ? ಅಂಥ ವಾದಕರ ಒಡನಾಟ ಇರುವವರು ಕೇಳಿ ತಿಳಿಸಿದರೆ ಉಪಕಾರ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಕೇಳಿ’. ಯಕ್ಷಗಾನದ ಆಟ ಇರುವ ದಿನ ಸಂಜೆ ಚೌಕಿಯವರು (ವೇಷ ಕಟ್ಟುವ ಕೋಣೆಯವರು) ಚೆಂಡೆ ಬಾರಿಸಿ ಸುತ್ತಲ ಊರಿಗೆ ಸುದ್ದಿ ಮುಟ್ಟಿಸುವುದನ್ನು ‘ಕೇಳಿ ಬಡಿಯುವುದು’ ಅನ್ನುತ್ತಾರೆ. ಕತೆ ಇಲ್ಲ, ಮಾತಿಲ್ಲ, ಬರೀ ಸದ್ದು. ಇವತ್ತು ಆಟ ಇದೆ, ಬನ್ನಿ. ಇದಕ್ಕಿಂತ ಶುದ್ಧವಾದ ಟೀಸರ್ ಇದೆಯಾ? ಕೇರಳದಲ್ಲಿ ಕಥಕಳಿಯವರೂ ಸಂಜೆ ಹೀಗೇ ಬಾರಿಸುತ್ತಾರೆ, ಅದು ‘ಕೇಳಿಕೊಟ್ಟ್’. ಹಾಗಾದರೆ ಈ ಕೇಳಿ ಯಾವುದು? ಕೇಳು ಧಾತುವಿನದಾ, ಅಥವಾ ಆಟ ಅನ್ನೋ ಅರ್ಥದ ಸಂಸ್ಕೃತದ ಕೇಳಿಯಾ? ಎರಡೂ ಹೊಂದುತ್ತವೆ, ಅದೇ ತೊಂದರೆ. ಮಲಯಾಳ ಬಲ್ಲವರು ದಯವಿಟ್ಟು ಬಾಯಿ ಹಾಕಿ. ಸಿನಿಮಾದವರು ‘ಆಟ’ವನ್ನು ಹೇಗೂ ತಮ್ಮದು ಮಾಡಿಕೊಂಡಿದ್ದಾರೆ. ಟೂರಿಂಗ್ ಟಾಕೀಸಿನಲ್ಲಿ ಮೊದಲನೇ ಆಟ, ಎರಡನೇ ಆಟ ಅನ್ನುತ್ತಿದ್ದೆವಲ್ಲ. ಆಟ ಬಂದರೆ ಅದರ ಹಿಂದೆ ಕೇಳಿ ಯಾಕೆ ಬರಬಾರದು?

ಬಣ್ಣಕ್ಕೆ ಬಂದರೆ ‘ಡಾರ್ಕ್ ಟೋನ್’ ಅನ್ನೋದು ಎಲ್ಲವನ್ನೂ ನುಂಗಿದೆ. ನಮ್ಮಲ್ಲಿ ಮಬ್ಬು, ಮಸುಕು, ಮಾಸಲು, ಕಗ್ಗತ್ತಲು ಬೇರೆ ಬೇರೆಯೇ ಇವೆ. ಕೆಜಿಎಫ್‌ನದು ಮಸಿ ಬಳಿದ ಕಂದು. ಅದನ್ನು ಅನುಕರಿಸಿ ಬಂದ ಎಷ್ಟೋ ಟೀಸರುಗಳದು ಸುಮ್ನೆ ಕತ್ತಲೆ. ಬಿಸಿಲಿನಲ್ಲಿ ಮೊಬೈಲ್ ಹಿಡಿದು ನೋಡಿದರೆ ಕಾಣುವುದು ನಮ್ಮದೇ ಮುಖ.

ಇನ್ನು ಮಾತು. ಹಿಂದೆ ಸಿನಿಮಾ ಪ್ರಚಾರದವರು ಹಳ್ಳಿಗೆ ಜೀಪಿನಲ್ಲೋ ಆಟೋದಲ್ಲೋ ಮೈಕು ಕಟ್ಟಿಕೊಂಡು ಬಂದು ‘ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ’ ಅಂತ ಕೂಗಿ, ಕರಪತ್ರ ತೂರಿ ಹೋಗುತ್ತಿದ್ದರು. ಅಮೆರಿಕದಲ್ಲಿ 2008ರಲ್ಲಿ ತೀರಿಕೊಂಡ ಡಾನ್ ಲಾಫಾಂಟೇನ್ ಸಾವಿರಾರು ಟ್ರೈಲರುಗಳಿಗೆ ದನಿ ಕೊಟ್ಟವರು, ಅವರ ಗಂಭೀರ ದನಿಯೇ ಟ್ರೈಲರಿನ ದನಿ ಆಗಿತ್ತು. ಇಂಥ ದನಿ ಈಗ ಎರಡೂ ಕಡೆ ಅಪರೂಪ. ನಮ್ಮಲ್ಲಿ ಇದಕ್ಕೆ ಒಂದು ಕಾರಣ ಐದು ಭಾಷೆಯ ಬಿಡುಗಡೆ ಅಂತ ನನ್ನ ಅಂದಾಜು. ಒಂದೇ ದಿನ ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿಯಲ್ಲಿ ಬಿಡಬೇಕು ಅಂದಾಗ ಮಾತು ಕಮ್ಮಿ ಇದ್ದಷ್ಟೂ ಕೆಲಸ ಹಗುರ. 2022ರ ಮಾರ್ಚಿನಲ್ಲಿ ಬಂದ ‘ಕೆಜಿಎಫ್ ಚಾಪ್ಟರ್ 2’ ಟ್ರೈಲರಿನಲ್ಲಿ ಜನ ಬಾಯಿಪಾಠ ಮಾಡಿಕೊಂಡ ಡೈಲಾಗು ಇಂಗ್ಲಿಷಿನದು, ಐದೂ ಭಾಷೆಯಲ್ಲಿ ಅದೇ. ಕನ್ನಡದ ಅಷ್ಟು ದೊಡ್ಡ ಟ್ರೈಲರಿನಿಂದ ಜನರ ಬಾಯಿಗೆ ಬಂದ ಮಾತು ಕನ್ನಡದ್ದಲ್ಲ. ಇದರ ಬಗ್ಗೆ ನನಗೆ ಬೇಸರ ಇದೆ. ಡೈಲಾಗು ಚೆನ್ನಾಗಿತ್ತು, ಅದು ಬೇರೆ ಮಾತು.

ಹಳೆಯ ಪೋಸ್ಟರುಗಳಲ್ಲಿ ‘ಮುಂದಿನ ಬದಲಾವಣೆ’ ಅಂತ ಒಂದು ಪಟ್ಟಿ ಅಂಟಿಸಿರುತ್ತಿತ್ತು, ಬರಲಿರುವ ಸಿನಿಮಾಕ್ಕೆ. ಅದು ಇಂಗ್ಲಿಷಿನದರ ನೇರ ಅನುವಾದವೇ, ಆದರೂ ಚೆನ್ನಾಗಿ ಬೇರು ಬಿಟ್ಟಿತ್ತು. ನಿಮ್ಮೂರಿನ ಟೆಂಟಿನಲ್ಲಿ ಅದಕ್ಕೆ ಬೇರೆ ಮಾತಿತ್ತಾ? ಇನ್ನೊಂದು ಪ್ರಶ್ನೆ ಬಯಲುಸೀಮೆಯ ಆಟಗಳಾದ ದೊಡ್ಡಾಟ, ಮೂಡಲಪಾಯದ ಸೀಮೆಯವರಿಗೆ. ಆಟಕ್ಕೆ ಮುಂಚೆ ಊರಿಗೆ ಸುದ್ದಿ ಮುಟ್ಟಿಸಲು ಬಾರಿಸುವುದಕ್ಕೆ ನಿಮ್ಮ ಕಡೆ ಏನು ಹೆಸರು? ‘ಕೇಳಿ’ಯೇನಾ, ಬೇರೆಯಾ? ಟಿಪ್ಪಣಿ ಇನ್ನೂ ಅಚ್ಚಿಗೆ ಹೋಗಿಲ್ಲ, ಹಾಗಾಗಿ ತಡವಾದರೂ ಬರೆಯಿರಿ.